ಮೋಡಕ್ಕೆ ಮೇರೆಯುಂಟೆ?

ಕಣ್ಣಿದ್ದೂ ಕುರುಡಾಗುವ ಸ್ಥಿತಿ ನೆಲದ ಮೇಲೆ ನಡೆಯುವವನಿಗೆ ಅಪರೂಪವಾದುದು. ಆಕಾಶದಲ್ಲಿ ಸಂಚರಿಸುವವನಿಗೆ ಅದು ಎಂದಿನ ಮಾತು. ಮೋಡವನ್ನು ಹೊಕ್ಕ ವೈಮಾನಿಕನಿಗೆ ದಿಗಂತವಿಲ್ಲ, ನೆಲವಿಲ್ಲ. ಸುತ್ತಲೂ ಬೂದಿಬಣ್ಣದ ಗೋಡೆಯೊಂದೇ. ಆಗ ಅವನು ತನ್ನ ದೇಹವನ್ನು ನಂಬಿದನೆಂದರೆ ಕೆಟ್ಟನು. ಒಳಗಿವಿಯಲ್ಲಿರುವ ದ್ರವವು ಮೆಲ್ಲಗೆ ಸಾಗುವ ತಿರುವನ್ನು ತಿರುವೆಂದು ತಿಳಿಸಲಾರದು. ವಿಮಾನವು ಓರೆಯಾಗಿ ಸುತ್ತುತ್ತ ಇಳಿಯುತ್ತಿದ್ದರೂ ನೆಟ್ಟಗೆ ಹೋಗುತ್ತಿರುವಂತೆಯೇ ತೋರುವುದು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದವರು ಈ ಬಗೆಯ ಹಾರಾಟದ ಶಿಕ್ಷಣವಿಲ್ಲದ 20 ಮಂದಿಯನ್ನು, ಹೊರಗಿನದು ಕಾಣದಂತೆ ಮಾಡಿ ಪರೀಕ್ಷಿಸಿದರು. ವಿಮಾನವು ಅವರ ಕೈಮೀರಲು ಹಿಡಿದ ಕಾಲ ಸರಾಸರಿ 178 ಸೆಕೆಂಡುಗಳು. ಒಬ್ಬನಾದರೂ ಪಾರಾಗಲಿಲ್ಲ.

ಈ ಕುರುಡಿಗೆ ಮದ್ದಿದೆಯೆಂಬುದು ಅದಕ್ಕೆ ಬಹು ಮೊದಲೇ, 1929ರ ಸೆಪ್ಟೆಂಬರ್ 24ರಂದು, ನ್ಯೂಯಾರ್ಕ್ ಪ್ರಾಂತದ ಮಿಚೆಲ್ ಫೀಲ್ಡಿನಲ್ಲಿ ಸಿದ್ಧವಾಗಿತ್ತು. ಜೇಮ್ಸ್ ಡೂಲಿಟಲ್ ಎಂಬ ಸೇನಾ ವೈಮಾನಿಕನು ತನ್ನ ಆಸನಕ್ಕೆ ಮುಸುಕು ಹಾಕಿಸಿಕೊಂಡು, ಕೃತಕ ದಿಗಂತ, ದಿಕ್ಕನ್ನು ತೋರುವ ಯಂತ್ರ, ಸೂಕ್ಷ್ಮವಾದ ಎತ್ತರಮಾಪಕ, ರೇಡಿಯೋ ಸಂಜ್ಞೆ ಇವುಗಳನ್ನೇ ನಂಬಿ ಮೇಲೇರಿ, ಸುತ್ತಿ ಬಂದು, ಇಳಿದನು. ಅಪಾಯಕ್ಕೆಂದು ಮುಂದಿನ ಆಸನದಲ್ಲಿ ಕುಳಿತಿದ್ದ ಜೊತೆಗಾರನು ಕೈಹಾಕಬೇಕಾಗಲಿಲ್ಲ. ಅಂದಿನಿಂದ ಇದೊಂದು ವಿದ್ಯೆಯಾಯಿತು; ವಿದ್ಯೆಗೆ ಪರೀಕ್ಷೆ ಬಂದಿತು; ಪರೀಕ್ಷೆಯ ಹಿಂದೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂಬ ಅರ್ಹತಾಪತ್ರವೂ ಬಂದಿತು.

ತೊಡಕು ಇರುವುದು ಈ ಪತ್ರದಲ್ಲಿಯೇ. ಮೋಡವು ಎಲ್ಲ ದೇಶಗಳಲ್ಲಿಯೂ ಒಂದೇ. ಪತ್ರಕ್ಕೆ ಮಾತ್ರ ಗಡಿಯುಂಟು. 1944ರ ಡಿಸೆಂಬರ್ 7ರಂದು ಶಿಕಾಗೋದಲ್ಲಿ ರುಜುವಾದ ಒಪ್ಪಂದದ 33ನೆಯ ವಿಧಿಯಂತೆ, ವಿಮಾನವು ನೋಂದಾಯಿತವಾದ ದೇಶವು ಕೊಟ್ಟ ಅಥವಾ ಒಪ್ಪಿದ ಪತ್ರವನ್ನು, ಅದು ಕನಿಷ್ಠ ಮಟ್ಟಕ್ಕೆ ಕಡಿಮೆಯಿಲ್ಲದಿದ್ದರೆ, ಉಳಿದ ದೇಶಗಳೂ ಮನ್ನಿಸತಕ್ಕದ್ದು. ಆದರೆ ತನ್ನ ಪ್ರಜೆಗೆ ಅನ್ಯದೇಶವು ಕೊಟ್ಟ ಪತ್ರವನ್ನು ತನ್ನ ನೆಲದ ಮೇಲಣ ಹಾರಾಟಕ್ಕೆ ಒಪ್ಪದಿರುವ ಹಕ್ಕನ್ನು 32ನೆಯ ವಿಧಿಯು ಪ್ರತಿಯೊಂದು ದೇಶಕ್ಕೂ ಉಳಿಸಿಕೊಟ್ಟಿದೆ. ಆದುದರಿಂದ ಅಮೆರಿಕದಿಂದ ಬಂದವನು ಅಮೆರಿಕದ ವಿಮಾನದಲ್ಲಿ ಫ್ರಾನ್ಸಿನ ಮೋಡಗಳನ್ನು ಧಾರಾಳವಾಗಿ ಹೊಗಬಹುದು. ಅದೇ ಮನುಷ್ಯನು ಪಕ್ಕದಲ್ಲಿ ನಿಂತಿರುವ ಫ್ರಾನ್ಸಿನ ವಿಮಾನವನ್ನೇರಿದರೆ ಅವನ ಪತ್ರವು ಅಷ್ಟಕ್ಕೇ ಸಾಲದು.

ಯೂರೋಪಿನಲ್ಲಿ ಬಹುಕಾಲ ಈ ಪತ್ರಕ್ಕಾಗಿ 7 ವಿಷಯಗಳಲ್ಲಿ ಬರೆಹದ ಪರೀಕ್ಷೆಗಳನ್ನು ದಾಟಬೇಕಾಗಿತ್ತು. ವೃತ್ತಿಗಾಗಿ ಅಲ್ಲದೆ ಒಲವಿಗಾಗಿ ಹಾರುವ ಎಷ್ಟೋ ಮಂದಿ ಅಮೆರಿಕಕ್ಕೆ ಹೋಗಿ ವಿದ್ಯೆಯನ್ನು ಕಲಿತು ಬಂದರು. ಅಂಥವನೊಬ್ಬನನ್ನು ನೆನೆದುಕೊಳ್ಳಬಹುದು. ಹೊರಟಾಗ ತಿಳಿಯಾಗಿದ್ದ ಆಕಾಶವು ನಡುದಾರಿಯಲ್ಲಿ ಮುಚ್ಚಿಕೊಳ್ಳುತ್ತದೆ. ಮೋಡವನ್ನು ಸೀಳಿ ಮೇಲೇರಲು ಅವನ ಕೈ ಬಲ್ಲದು, ಕಾಯಿದೆ ಬೇಡವೆನ್ನುತ್ತದೆ. ಅವನು ಮೋಡದ ಹೊಟ್ಟೆಗೂ ಗುಡ್ಡದ ನೆತ್ತಿಗೂ ನಡುವೆ ಉಳಿದ ಕಿರಿದಾದ ಸಂದಿಯಲ್ಲಿ ನುಸುಳಿಕೊಂಡು ಹೋಗುವನು. ಕಾಪಾಡಲೆಂದು ಹುಟ್ಟಿದ ಕಾಯಿದೆಯೇ ಅವನನ್ನು ಗುಡ್ಡದ ಕಡೆಗೆ ತಳ್ಳಿದಂತಾಯಿತು.

ಹಾಗೆಂದು ಅಧಿಕಾರಿಗಳನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಮೇಲೆ ಹಾರುವವನೊಬ್ಬನ ತಪ್ಪಿಗೆ ಕೆಳಗೆ ಮಲಗಿದ ಊರೂ ಬಲಿಯಾಗಬಹುದು. ಪದ್ಧತಿಗಳೂ ಎಲ್ಲೆಡೆ ಒಂದೇ ಅಲ್ಲ. ವಾಯುವಿನ ಒತ್ತಡವನ್ನು ಅಮೆರಿಕದವರು ಪಾದರಸದ ಅಂಗುಲಗಳಲ್ಲಿ ಹೇಳಿದರೆ ಯೂರೋಪಿನವರು ಹೆಕ್ಟೊಪಾಸ್ಕಲ್‌ಗಳಲ್ಲಿ ಹೇಳುವರು. ಆ ಅಂಕಿಯಲ್ಲಿ ಒಂದು ತಪ್ಪಿದರೆ ಎತ್ತರದಲ್ಲಿ ಸುಮಾರು 30 ಅಡಿ ತಪ್ಪುವುದು. ಎತ್ತರಮಾಪಕವನ್ನು ಊರಿನ ಒತ್ತಡದಿಂದ ಸರ್ವಸಾಮಾನ್ಯವಾದ ಒತ್ತಡಕ್ಕೆ ತಿರುಗಿಸುವ ಮಟ್ಟವು ಅಮೆರಿಕದಲ್ಲಿ ಎಲ್ಲೆಡೆಯೂ 18,000 ಅಡಿ. ಯೂರೋಪಿನಲ್ಲಿ ಅದು ಸ್ಥಳಕ್ಕೊಂದು ಬಗೆ. ಇವನ್ನು ತಿಳಿಯದವನ ಕೈಚಳಕವಿದ್ದೂ ಪ್ರಯೋಜನವೇನು?

ಹಾಗಾದರೆ ಮಾಡತಕ್ಕದ್ದೇನು? ಪರವೂರಿನ ಸಂತೆಗೆ ಅಕ್ಕಿಯನ್ನು ಹೊತ್ತು ತಂದವನಿಗೆ ಆ ಊರಿನವರು, “ನಿಮ್ಮ ಸೇರು ನಮಗೆ ತಿಳಿಯದು, ನಮ್ಮ ಸೇರಿನಲ್ಲಿ ಇನ್ನೊಮ್ಮೆ ಅಳೆಯೋಣ” ಎಂದರೆ ಅದು ವ್ಯವಹಾರ. “ನಮ್ಮ ಗದ್ದೆಯಲ್ಲಿ ಇನ್ನೊಮ್ಮೆ ಉತ್ತು, ಬಿತ್ತಿ, ಬೆಳೆದು ತಾ” ಎಂದರೆ ಅದು ಅನ್ಯಾಯ. ಐರೋಪ್ಯ ಒಕ್ಕೂಟವು 2014ರಲ್ಲಿ ತಂದ ನಿಯಮವು ಈ ವಿವೇಕವನ್ನು ಹಿಡಿಯಿತು. ಯೂರೋಪಿನ ಲೈಸೆನ್ಸಿನೊಡನೆ ಅನ್ಯದೇಶದ ಉಪಕರಣಾರ್ಹತೆಯೂ ಉಳ್ಳವನು, ಆ ಕ್ರಮದಲ್ಲಿ ತಾನೇ ಮುಖ್ಯ ಚಾಲಕನಾಗಿ 50 ಗಂಟೆ ಹಾರಿದ್ದರೆ, ಶಿಕ್ಷಣವನ್ನು ಮೊದಲಿನಿಂದ ಪಡೆಯಬೇಕಾಗಿಲ್ಲ. ಪರೀಕ್ಷಕನ ಪಕ್ಕದಲ್ಲಿ ಒಮ್ಮೆ ಹಾರಿ ತೋರಿಸಿ, ಕಾನೂನು, ಹವಾಮಾನ, ಪ್ರಯಾಣದ ಯೋಜನೆ ಇವುಗಳ ಪ್ರಶ್ನೆಗಳಿಗೆ ಉತ್ತರ ಹೇಳಿದರೆ ಸಾಕು. ಅಮೆರಿಕದವರಂತೂ ಪರದೇಶದ ಖಾಸಗಿ ವೈಮಾನಿಕನಿಗೆ ಬರೆಹದ ಪರೀಕ್ಷೆಯೊಂದನ್ನು ಮಾತ್ರ ಒಡ್ಡುವರು.

ಆದರೂ ರಾಜಕಾರಣದ ಗಾಳಿ ತಿರುಗಿದರೆ ಪತ್ರಗಳು ತರಗೆಲೆಯಾಗುವುದುಂಟು. ಬ್ರಿಟನ್ನು ಒಕ್ಕೂಟವನ್ನು ಬಿಟ್ಟ ಮೇಲೆ, 2020ರ ಡಿಸೆಂಬರ್ 31ರ ರಾತ್ರಿ ಕಳೆಯುವಷ್ಟರಲ್ಲಿ ಬ್ರಿಟಿಷ್ ಲೈಸೆನ್ಸುಗಳು ಒಕ್ಕೂಟದ ವಿಮಾನಗಳಿಗೆ ಸಲ್ಲದೆ ಹೋದುವು. ರಾತ್ರಿ ಮಲಗಿದ ವೈಮಾನಿಕನ ಕೈಯಲ್ಲಿದ್ದ ವಿದ್ಯೆ ಬೆಳಗಾಗುವಾಗ ಇಳಿದುಹೋಗಿರಲಿಲ್ಲ. ಇಳಿದದ್ದು ಕಾಗದದ ಬೆಲೆ. ಅವನು ಕೇಳುವುದು ವಿನಾಯಿತಿಯನ್ನಲ್ಲ. ತನ್ನೊಡನೆ ಕುಳಿತು, ಮೋಡದೊಳಗೆ ತನ್ನ ಕೈಯನ್ನು ಒಮ್ಮೆ ನೋಡಿರೆಂದು ಕೇಳುವನು. ಅಷ್ಟು ಕೇಳುವ ಹಕ್ಕು ಕಲಿತವನಿಗೆ ಎಲ್ಲಿಯೂ ಇರಬೇಕು.