ತಾತನ ತಮಟೆ

ನಮ್ಮ ತಾತ ಮನೆಯೊಳಗೆ ಮಾತಾಡಿದ್ದನ್ನು ಕೇಳಿದವರು ಕಡಿಮೆ. ಊರೊಳಗೆ ಅವನ ದನಿ ಕೇಳದವರೇ ಇಲ್ಲ. ಕಂದಾಯದ ಕಡೇ ದಿನ, ಮಾರಿಹಬ್ಬ, ಸತ್ತವರ ಸುದ್ದಿ, ಎಲ್ಲವನ್ನೂ ತಮಟೆ ಬಡಿದು ಬೀದಿಬೀದಿಗೆ ಸಾರುವುದು ನಮ್ಮ ಮನೆಗೆ ಅಂಟಿದ ಕುಳವಾಡಿಕೆ. ಸಾರಿ ಬಂದ ಮೇಲೆ ತಾತ ತಮಟೆಯನ್ನು ಗೂಟಕ್ಕೆ ಸಿಕ್ಕಿಸಿ, ಜಗುಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಂತುಬಿಡುತ್ತಿದ್ದ. ಉಣ್ಣಲು ಕರೆದರೂ ಕೈಸನ್ನೆಯೇ ಉತ್ತರ.

ಚಿಕ್ಕವನಿದ್ದಾಗ ಒಂದು ದಿನ ಕೇಳಿದೆ: "ಯಾಕ್ ತಾತ, ಹಿಂಗ್ ಕುಂತ್ಕತೀಯಾ?"

"ಅಷ್ಟು ಜನದ ಕಣ್ಣು ಮೈಮ್ಯಾಲೆ ಬಿದ್ದದಲ್ಲ ಮಗ, ಅದು ಇಳೀಬೇಕು" ಅಂದ.

ಅವ್ವ ಇದಕ್ಕೆ ತದ್ವಿರುದ್ಧ. ನಾಟಿ ಗದ್ದೆಯಲ್ಲಿ ಅವಳು ಪದ ಎತ್ತಿದರೆ ಇಪ್ಪತ್ತು ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು. ಹತ್ತು ಜನರನ್ನು ಕಂಡರೆ ಅವಳಿಗೆ ಹಬ್ಬ. ಅದೇ ಅವ್ವ ಗೌಡರ ಹಿತ್ತಲಲ್ಲಿ ಕೂಲಿ ಕೇಳಲು ನಿಂತರೆ ಸೆರಗಿನ ತುದಿ ಬಾಯಿಗೆ. "ಅಯ್ಯಾ" ಅಂದದ್ದು ಬಿಟ್ಟರೆ ಇನ್ನೊಂದು ಮಾತಿಲ್ಲ.

ಡಿಗ್ರಿ ಓದುವಾಗ ಮನಶ್ಶಾಸ್ತ್ರದ ಒಂದು ಪುಸ್ತಕದಲ್ಲಿ ಎರಡು ಪದ ಸಿಕ್ಕವು: ಅಂತರ್ಮುಖಿ, ಬಹಿರ್ಮುಖಿ. ಕಾರ್ಲ್ ಯೂಂಗ್ ಎಂಬ ಸ್ವಿಸ್ ವೈದ್ಯ 1921ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ವಿಂಗಡಣೆ ಲೋಕಕ್ಕೆಲ್ಲ ಹರಡಿತಂತೆ. ಒಬ್ಬನ ಮನಸ್ಸು ಒಳಗಿನ ಲೋಕದ ಕಡೆ ಹರಿಯುತ್ತದೆ, ಇನ್ನೊಬ್ಬನದು ಹೊರಗಿನ ಜನದ ಕಡೆ. ಪೂರಾ ಇದು, ಪೂರಾ ಅದು ಅನ್ನುವವರು ಯಾರೂ ಇಲ್ಲ. ಓದುತ್ತಿದ್ದಂತೆ ಗೋಡೆಗೆ ಮುಖ ಮಾಡಿದ ತಾತನ ಬೆನ್ನು ಕಣ್ಣಿಗೆ ಬಂತು. ಮುಂದೆ ಸಲಹೆಯೂ ಇತ್ತು: ಅಂತರ್ಮುಖಿಗೆ ಲೆಕ್ಕಪತ್ರ, ಗ್ರಂಥಾಲಯ, ಸಂಶೋಧನೆ, ಬಹಿರ್ಮುಖಿಗೆ ವ್ಯಾಪಾರ, ವಕೀಲಿಕೆ, ರಾಜಕಾರಣ. ಸ್ವಭಾವ ನೋಡಿಕೊಂಡು ಕೆಲಸ ಆರಿಸಿಕೋ ಅನ್ನುತ್ತದೆ ಪುಸ್ತಕ.

ಗೆಳೆಯರೇ, ನಮ್ಮ ತಾತನನ್ನು ಯಾರು ಕೇಳಿದರು?

ಲಾಹೋರಿನ ಸಭೆಗೆಂದು ಬರೆದು, ಆ ಸಭೆಯೇ ರದ್ದಾದಾಗ 1936ರಲ್ಲಿ ತಾವೇ ಅಚ್ಚುಹಾಕಿಸಿದ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನೇ ಎತ್ತುತ್ತಾರೆ. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಹೋಳು ಮಾಡುತ್ತದೆ. ಮನುಷ್ಯನ ಸಹಜ ಒಲವಿಗೆ ಅಲ್ಲಿ ಜಾಗವಿಲ್ಲ, ಹೆತ್ತವರ ಸ್ಥಾನವೇ ಮಗುವಿನ ಕೆಲಸವನ್ನು ಮೊದಲೇ ಗೊತ್ತುಮಾಡಿರುತ್ತದೆ ಅನ್ನುವುದು ಅವರ ವಾದ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ನಮ್ಮ ರಾಜ್ಯ 1961ರ ಕಾಯ್ದೆಯಲ್ಲಿ ರದ್ದು ಮಾಡಿತು. ಕಾಗದದಲ್ಲಿ ಹೋದ ಕುಳವಾಡಿಕೆ ತಾತನ ಹೆಗಲಿನಿಂದ ಇಳಿಯಲಿಲ್ಲ. ಮೌನ ಬೇಕಿದ್ದವನನ್ನು ಕೂಗಿಸಿದ, ಹಾಡಬೇಕಿದ್ದವಳ ಬಾಯಿ ಕಟ್ಟಿದ ವ್ಯವಸ್ಥೆ ಇದು.

ನಾನು ಈ ಇಬ್ಬರ ಮನೆಯಿಂದ ಬಂದ ಮೊದಲ ಪದವೀಧರ. ಬೆಂಗಳೂರಿನ ಒಂದು ಖಾಸಗಿ ಕಂಪನಿಗೆ ಕೆಲಸ ಕೇಳಿಕೊಂಡು ಹೋದೆ. ಹನ್ನೆರಡು ಜನರನ್ನು ಮೇಜಿನ ಸುತ್ತ ಕೂರಿಸಿ ಚರ್ಚೆ ಮಾಡಿ ಅಂದರು. ಒಬ್ಬರ ಬಾಯಿಂದ ಒಬ್ಬರು ಇಂಗ್ಲಿಷ್ ಕಿತ್ತುಕೊಳ್ಳುತ್ತಿದ್ದರು. ನಾನು ವಾಕ್ಯ ಜೋಡಿಸುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತಿತ್ತು. ಕೊನೆಗೆ ಒಬ್ಬರು ಮೆತ್ತಗೆ ಹೇಳಿದರು: "ನೀವು ಇಂಟ್ರೊವರ್ಟ್. ಜನರ ಜೊತೆ ಬೆರೆಯೋ ಕೆಲಸ ನಿಮಗೆ ಒಗ್ಗಲ್ಲ."

ಊರಿನ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ನನ್ನ ಮೌನದಲ್ಲಿ ತಾತನ ಪಾಲೆಷ್ಟು, ಗೌಡರ ಹಿತ್ತಲ ಪಾಲೆಷ್ಟು? ತಾತನ ಪಾಲು ನನ್ನದು, ಅದನ್ನು ಬಿಡಲಾರೆ. ಹಿತ್ತಲ ಪಾಲು ನನ್ನ ಬಾಯಿಗೆ ತುರುಕಿದ್ದು. ಎರಡನ್ನೂ ಕೂಡಿಸಿ ‘ಸ್ವಭಾವ’ ಅಂತ ಹೆಸರಿಟ್ಟರೆ ತುರುಕಿದವನು ತಪ್ಪಿಸಿಕೊಳ್ಳುತ್ತಾನೆ. ಕೇಂದ್ರ ಸರ್ಕಾರ 2016ರ ಜನವರಿಯಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಆದರೆ ಐಎಎಸ್‌ನ 2025 ಅಂಕಗಳಲ್ಲಿ 275 ಈಗಲೂ ‘ವ್ಯಕ್ತಿತ್ವ ಪರೀಕ್ಷೆ’ಗೆ. ಯಾವ ಮನೆಯಲ್ಲಿ ಬೆಳೆದ ವ್ಯಕ್ತಿತ್ವ ಅಲ್ಲಿ ಸಲೀಸಾಗಿ ಬಾಯಿ ಬಿಡುತ್ತದೆ?

ನಮ್ಮವರೂ ಇದರಲ್ಲಿ ಪೂರಾ ಶುದ್ಧರಲ್ಲ. ಮೈಕು ಹಿಡಿದವನೇ ಹೋರಾಟಗಾರ, ಮೂಲೆಯಲ್ಲಿ ಕೂತು ಕರಪತ್ರ ತಿದ್ದುವವನು ಪುಕ್ಕಲ ಅನ್ನುವ ಮಾತು ಸಂಘಟನೆಯೊಳಗೂ ಕೇಳಿದ್ದೇನೆ. ಸಭೆಗಳಲ್ಲಿ ಹಾಡಾಗಿ ಗುಡುಗಿದ ಸಿದ್ಧಲಿಂಗಯ್ಯನವರೂ ನಮಗೆ ಬೇಕಾಯಿತು. ಕಡಿಮೆ ಬರೆದು, ‘ಕುಸುಮಬಾಲೆ’ಯಂಥ ತೆಳು ಪುಸ್ತಕದಲ್ಲಿ ಕೇರಿಯ ಒಳದನಿ ಹಿಡಿದ ದೇವನೂರ ಮಹಾದೇವರೂ ಬೇಕಾಯಿತು.

ನಾನು ಹಠಕ್ಕೆ ಬಿದ್ದು ಬಿ.ಎಡ್. ಮಾಡಿದೆ. ಈಗ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ. ದಿನವೆಲ್ಲ ಮಾತಾಡಿ ಸಂಜೆ ರೂಮಿಗೆ ಬಂದರೆ ತಾತನಂತೆ ಗೋಡೆ ನೋಡಿಕೊಂಡು ಕೂರುತ್ತೇನೆ. ಆ ಹೊತ್ತಿನಲ್ಲೇ ಪದ್ಯ ಬರುವುದು. ದಣಿವು ತಾತನದೇ, ಕೆಲಸ ಮಾತ್ರ ನಾನು ಆರಿಸಿಕೊಂಡದ್ದು.

ಆದರೂ ತಪ್ಪು ಮಾಡಿದೆ. ಎಂಟನೇ ಕ್ಲಾಸಿನಲ್ಲಿ ಕೊನೇ ಬೆಂಚಿನ ಒಬ್ಬ ಹುಡುಗಿ ಬಾಯಿಯೇ ಬಿಡುತ್ತಿರಲಿಲ್ಲ. ಅಂಕಪಟ್ಟಿಯ ಷರಾ ಕಾಲಮ್ಮಿನಲ್ಲಿ ‘ಮಾತು ಕಡಿಮೆ, ಸಂಕೋಚ ಸ್ವಭಾವ’ ಅಂತ ಬರೆದೆ. ಅದೇ ವಾರ ಆಟದ ಬಯಲಿನಲ್ಲಿ ಅವಳನ್ನು ಕಂಡೆ. ಕುಂಟಾಬಿಲ್ಲೆಯಲ್ಲಿ ಜಗಳ ತೀರ್ಮಾನ ಮಾಡುತ್ತಿದ್ದಳು, ದನಿ ರಸ್ತೆಗೆ ಕೇಳುತ್ತಿತ್ತು. ಆಗ ನೆನಪಾಯಿತು: ಜೂನ್ ತಿಂಗಳಲ್ಲಿ ಅವಳು ‘ಹಕ್ಕಿ’ಯನ್ನು ‘ಅಕ್ಕಿ’ ಅಂತ ಓದಿದಾಗ ಕ್ಲಾಸೆಲ್ಲ ನಕ್ಕಿತ್ತು. ನಾನೂ ತುಟಿಯಂಚಲ್ಲಿ ನಕ್ಕಿದ್ದೆ. ಅವಳು ತಾತನ ಥರದವಳಲ್ಲ, ಅವ್ವನ ಥರದವಳು. ಹಿತ್ತಲು ನನ್ನ ಕ್ಲಾಸಿನೊಳಗೇ ಇತ್ತು.

ಷರಾ ಹೊಡೆದುಹಾಕಿದೆ. ಮಾರನೇ ದಿನ ಬೋರ್ಡಿನ ಮುಂದೆ ನಿಂತು, "ನಮ್ಮನೇಲೂ ಅಕ್ಕಿ ಅಂತಲೇ ಅನ್ನೋದು, ನಾನೂ ಹಂಗೇ ಕಲ್ತೋನು" ಅಂದೆ. ಅವಳು ಇನ್ನೂ ಕೈ ಎತ್ತಿಲ್ಲ. ನಗುವುದು ನಿಂತಿದೆ.

ಹಳ್ಳಿ ಶಾಲೆಗಳಲ್ಲಿರುವ ಮೇಷ್ಟ್ರುಗಳೇ, ಸುಮ್ಮನಿರುವ ಮಗುವಿನ ಎದುರು ಷರಾ ಬರೆಯುವ ಮುನ್ನ ಒಂದು ಸಲ ಅದನ್ನು ಆಟದ ಬಯಲಿನಲ್ಲಿ ನೋಡಿ ಬನ್ನಿ. ಅಲ್ಲೂ ಸುಮ್ಮನೆ ಕೂತಿದ್ದರೆ ಪಕ್ಕದಲ್ಲಿ ಕೂತುಕೊಳ್ಳಿ, ಮಾತಾಡಿಸಬೇಡಿ.