ಸಾಲೋಟಗಿ ದಾರಿಯ ಎದುರುಗಾಳಿ

ಇಂಡಿಯಿಂದ ಸಾಲೋಟಗಿ ಸುಮಾರು ಹತ್ತು ಕಿಲೋಮೀಟರ್. ಬಸ್ಸಿನಲ್ಲಿ ಹೋಗುವವರಿಗೆ ಈ ಸೀಮೆಯೆಲ್ಲ ರೊಟ್ಟಿ ತಟ್ಟುವ ಕಲ್ಲಿನಂತೆ ಸಪಾಟಾಗಿ ಕಾಣುತ್ತದೆ. ಎಲ್ಲಿ ಸಣ್ಣ ಏರು, ಎಲ್ಲಿ ಇಳಿಜಾರು, ಎಲ್ಲಿ ಜಾಲಿಮುಳ್ಳು ಎಂಬುದು ಸೈಕಲ್ ತುಳಿಯುವವನಿಗೆ ಮಾತ್ರ ಗೊತ್ತು. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸತೊಡಗಿದರಂತೂ ಹೋಗುವಾಗಿನ ದಾರಿಯೇ ಬೇರೆ, ಬರುವಾಗಿನ ದಾರಿಯೇ ಬೇರೆ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಸೈಕಲ್ ಸ್ಪರ್ಧೆಗೂ ಹಳೆಯ ನಂಟು. ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆಯಾಗಬೇಕೆಂಬ ಆಸೆ ಇಲ್ಲಿನ ಹಳ್ಳಿಯ ಹುಡುಗರಿಗೆ ಬೇಗ ಹತ್ತುತ್ತದೆ. ನಮ್ಮ ಶಾಲೆಯ ನಾಲ್ವರು ಹುಡುಗರಿಗೂ ಹತ್ತಿತ್ತು. ನಾನು ವಿಜ್ಞಾನ ಮಾಸ್ತರ, ತರಬೇತುದಾರನಲ್ಲ. ಆದರೂ ಐವತ್ತು ದಾಟಿದ ಮೇಲೆ ವೈದ್ಯರ ಸಲಹೆಯಂತೆ ಸೈಕಲ್ ಹಿಡಿದವನಾದ್ದರಿಂದ ಭಾನುವಾರಗಳಂದು ಅವರ ಜೊತೆ ಹೊರಡುತ್ತಿದ್ದೆ.

ಜುಲೈ ತಿಂಗಳ ಆ ಭಾನುವಾರ ಸಾಲೋಟಗಿಯ ಶಿವಯೋಗೀಶ್ವರ ಗುಡಿಯ ಮುಂದೆ ಸೈಕಲ್ ನಿಲ್ಲಿಸಿ ಹುಡುಗರಿಗೆ ಊರಿನ ಕಥೆ ಹೇಳಿದೆ. ಶಾಸನದಲ್ಲಿ ಈ ಊರಿನ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅವನ ಮಂತ್ರಿ ನಾರಾಯಣ ಇಲ್ಲಿ ದೊಡ್ಡದೊಂದು ಶಾಲೆಯನ್ನು ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗಾಗಿ 27 ವಸತಿಗೃಹಗಳಿದ್ದವು, ಅವು ನಡೆಯಲು ಭೂಮಿ ದತ್ತಿಯಿತ್ತು. ‘ಶಾಲೆ’ಯ ಪಾವಿಟ್ಟಗೆಯೇ ಸಾಲೋಟಗಿಯಾಯಿತೆಂದು ಹೇಳುತ್ತಾರೆ. “ಆಗಿನ ಕಾಲಕ್ಕೂ ಹಾಸ್ಟೆಲ್ ಇದ್ವೇನ್ರಿ ಸರ್!” ಎಂದು ಒಬ್ಬ ಬೆರಗಾದ. ಇನ್ನೊಬ್ಬ, ತೆಳ್ಳನೆಯ ಹುಡುಗ, ಸುಮ್ಮನೆ ಕಟ್ಟೆಗೆ ಒರಗಿದ್ದ. ಶಾಸನದ ಕಥೆ ಹೇಳುವ ಹುರುಪಿನಲ್ಲಿ ನಾನು ಅವನನ್ನು ಗಮನಿಸಲಿಲ್ಲ.

ಊರು ದಾಟಿ ಮತ್ತೆ ಹತ್ತು ಕಿಲೋಮೀಟರ್ ಹೋಗಿ ತಿರುಗಿದೆವು. ಗಾಳಿ ಮುಖಕ್ಕೆ ಬಡಿಯಿತು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತುಳಿಯುವವನಿಗೆ 15 ಕಿಲೋಮೀಟರ್ ವೇಗದ ಗಾಳಿ ಎದುರಾದರೆ ಮೈಗೆ ತಾಗುವುದು 35ರ ಗಾಳಿ. ತಡೆ ಮೂರುಪಟ್ಟು. ಇಂಥಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಬೇಕು, ಮುಂದಿನವನು ಆಗಾಗ ಬದಲಾಗಬೇಕು. ಆ ತೆಳ್ಳನೆಯ ಹುಡುಗ ಮಾತ್ರ ಹಟ ಹಿಡಿದು ಬಹಳ ಹೊತ್ತು ಮುಂದೆಯೇ ಇದ್ದ. ಸಾಲೋಟಗಿ ಇನ್ನೂ ಎರಡು ಕಿಲೋಮೀಟರ್ ಇರುವಾಗ ಹ್ಯಾಂಡಲ್ ತೊನೆದಾಡಿತು. ನೋಡನೋಡುತ್ತಿದ್ದಂತೆ ರಸ್ತೆ ಬದಿಯ ಎರೆಮಣ್ಣಿಗೆ ಉರುಳಿದ. ಹಿಂದಿನಿಂದ ಲಾರಿಯೊಂದು ಹಾದುಹೋಯಿತು. ಎಡಕ್ಕೆ ಬೀಳುವ ಬದಲು ಬಲಕ್ಕೆ ಬಿದ್ದಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮುಖ ಬಿಳಿಚಿತ್ತು, ಕೈ ನಡುಗುತ್ತಿತ್ತು, ತಣ್ಣನೆ ಬೆವರು. ಬೇವಿನ ಮರದ ನೆರಳಿನಲ್ಲಿ ಕೂರಿಸಿ ನನ್ನ ಚೀಲದ ಬೆಲ್ಲ ತಿನ್ನಿಸಿದೆ, ನೀರು ಕುಡಿಸಿದೆ. ಹೊಲದಲ್ಲಿದ್ದ ತಾಯಿಯೊಬ್ಬರು ಓಡಿ ಬಂದು ಮಜ್ಜಿಗೆ ಕೊಟ್ಟರು. ಹತ್ತು ನಿಮಿಷಕ್ಕೆ ಚೇತರಿಸಿಕೊಂಡ.

“ಮುಂಜಾನೆ ಏನ್ ತಿಂದೀಯೋ ತಮ್ಮಾ?”

“ಏನೂ ಇಲ್ರಿ ಸರ್. ರಾತ್ರೀನೂ ಉಂಡಿಲ್ರಿ.”

“ಯಾಕ?”

“ನೀವs ಹೇಳಿದ್ರೆಲ್ರಿ, ಭಾರ ಕಮ್ಮಿ ಇದ್ರ ಸೈಕಲ್ ಜೋರ ಓಡತೈತಿ ಅಂತ.”

ಹೌದು, ನಾನೇ ಹೇಳಿದ್ದೆ. ನ್ಯೂಟನ್ನನ ಎರಡನೆಯ ನಿಯಮ ಹೇಳಿಕೊಡುವಾಗ, ಬಲ ಅಷ್ಟೇ ಇದ್ದು ದ್ರವ್ಯರಾಶಿ ಕಡಿಮೆಯಾದರೆ ವೇಗೋತ್ಕರ್ಷ ಹೆಚ್ಚುತ್ತದೆಂದು ಸೈಕಲ್ಲಿನ ಉದಾಹರಣೆ ಕೊಟ್ಟಿದ್ದೆ. ಆತ ಪಾಠವನ್ನು ಮೈಗೆ ಹಚ್ಚಿಕೊಂಡು ಎರಡು ವಾರದಿಂದ ಊಟ ಇಳಿಸಿದ್ದ. ಉದಾಹರಣೆ ಅರ್ಧ ಸತ್ಯವಾಗಿತ್ತು. ಘಾಟಿ ಏರುವಾಗ ಭಾರದ ಲೆಕ್ಕ ದೊಡ್ಡದು ನಿಜ. ನಮ್ಮ ಬಯಲಿನಲ್ಲಿ ಒಂದೇ ವೇಗದಲ್ಲಿ ಸಾಗುವವನಿಗೆ ಗಾಳಿಯೇ ಮುಖ್ಯ ಎದುರಾಳಿ. ಒಂದೆರಡು ಕಿಲೋ ಇಳಿಸಿದರೆ ಆಗುವ ಲಾಭ ತೀರಾ ಅಲ್ಪ. ಅದನ್ನು ಮರದಡಿಯಲ್ಲೇ ಎಲ್ಲರ ಮುಂದೆ ಹೇಳಿದೆ. ಮಾಸ್ತರರು ತಪ್ಪೊಪ್ಪಿಕೊಂಡಿದ್ದು ಹುಡುಗರಿಗೆ ಹೊಸದು. ಮುಖ ಮುಖ ನೋಡಿಕೊಂಡರು.

ಬೆಳೆಯುವ ಹುಡುಗ ಉಣ್ಣದೆ ತುಳಿಯಬಾರದು. ಯಕೃತ್ತಿನಲ್ಲಿ ಸಂಗ್ರಹವಾಗುವ ಗ್ಲೈಕೋಜನ್ ಸುಮಾರು 100 ಗ್ರಾಂ ಮಾತ್ರ. ರಾತ್ರಿಯ ಉಪವಾಸದಲ್ಲೇ ಬಹುಪಾಲು ಕರಗುತ್ತದೆ. ಹೊರಡುವ ಎರಡು ತಾಸು ಮೊದಲು ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಮೊಸರು ಸಾಕು. ಅಷ್ಟು ಬೇಗ ಏಳಲಾಗದಿದ್ದರೆ ಒಂದು ಬಾಳೆಹಣ್ಣಾದರೂ ಇರಲಿ. ಸವಾರಿ ಒಂದು ತಾಸು ಮೀರಿದರೆ ತಾಸಿಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಬೇಕು. ಒಂದು ಬಾಳೆಹಣ್ಣು ಮತ್ತು ನಿಂಬೆ ಗಾತ್ರದ ಬೆಲ್ಲದ ಉಂಡೆ ಸೇರಿದರೆ ಹತ್ತಿರ ಹತ್ತಿರ 50 ಗ್ರಾಂ. ಡಬ್ಬಿಯಲ್ಲಿ ಬರುವ ಬಣ್ಣದ ಪುಡಿಗಳಿಗೆ ಹಣ ಸುರಿಯಬೇಕಿಲ್ಲ. ಬೆವರು ಹೆಚ್ಚು ಸುರಿಸುವ ದಿನ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಹಾಕಿ. ಮೇಲೆ ನಮ್ಮ ಇಂಡಿಯ ನಿಂಬೆಹಣ್ಣು ಹಿಂಡಿಕೊಳ್ಳಿ. ಭೌಗೋಳಿಕ ಸೂಚಿಕೆ ಪಡೆದ ಹಣ್ಣನ್ನು ಊರಿನವರೇ ಬಿಟ್ಟರೆ ಹೇಗೆ?

ಸೈಕಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ಹುಡುಗನದು ಅಣ್ಣನಿಗೆ ಸರ್ಕಾರದ ಯೋಜನೆಯಲ್ಲಿ ಸಿಕ್ಕಿದ್ದ ಸೈಕಲ್. ಸೀಟು ತೀರಾ ಕೆಳಗಿತ್ತು, ಮೊಣಕಾಲು ನೋವಿಗೆ ಅದೇ ಕಾರಣ. ಪೆಡಲ್ ಕೆಳಗೆ ಬಂದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು; ಆಮೇಲೆ ತುಳಿಯುವುದು ಪಾದದ ಮುಂಭಾಗದಿಂದ. ಟಯರಿಗೆ ಗಾಳಿ, ಚೈನಿಗೆ ಎಣ್ಣೆ, ತಲೆಗೆ ಹೆಲ್ಮೆಟ್, ಚೀಲದಲ್ಲಿ ಪಂಕ್ಚರ್ ಸಾಮಾನು ಇವಿಷ್ಟು ಮೊದಲು. ಮುಂದಿನ ಚಕ್ರದಲ್ಲಿ 44 ಹಲ್ಲು, ಹಿಂದೆ 18 ಹಲ್ಲು ಇರುವ ಸಾದಾ ಸೈಕಲ್ ಪೆಡಲಿನ ಒಂದು ಸುತ್ತಿಗೆ ಐದೂವರೆ ಮೀಟರಿನಷ್ಟು ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 20 ಕಿಲೋಮೀಟರ್ ಹತ್ತಿರ. ಕಲಿಯುವವನಿಗೆ ಅದು ಸಾಕು. ವಾರದಲ್ಲಿ ಎರಡು ದಿನ ಜೋರು, ಉಳಿದ ದಿನ ಮಾತಾಡುತ್ತ ತುಳಿಯುವಷ್ಟು ನಿಧಾನ, ಒಂದು ದಿನ ಪೂರ್ತಿ ವಿಶ್ರಾಂತಿ.

ಅಂದು ಸಂಜೆ ಅವನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವನ ತಾಯಿ ನನ್ನನ್ನು ಬಯ್ಯಬಹುದಿತ್ತು. “ಹೊಟ್ಟಿ ನೋವಂತ ಸುಳ್ಳ ಹೇಳಿ ಗಂಗಾಳ ಸರಸತಿದ್ನರಿ,” ಎಂದಷ್ಟೇ ಅಂದರು.

ಮುಂದಿನ ಭಾನುವಾರ ಆರು ಗಂಟೆಗೆ ಆತ ಬಂದಾಗ ಕ್ಯಾರಿಯರಿಗೆ ಬುತ್ತಿ ಕಟ್ಟಿಕೊಂಡಿದ್ದ. ನನಗೂ ಎರಡು ಶೇಂಗಾ ಉಂಡಿ ಇದ್ದವು. ಆಯ್ಕೆಗೆ ಇನ್ನೂ ಐದು ವಾರ ಬಾಕಿ. ಬರುವಾಗ ಗಾಳಿ ಹಿಂದಿನ ವಾರಕ್ಕಿಂತ ಜೋರಾಗಿತ್ತು. ಬೇವಿನ ಮರದ ತನಕ ನಾನು ಮುಂದಿದ್ದೆ. ಅಲ್ಲಿಂದ ಸಾಲೋಟಗಿಯವರೆಗೆ ಅವನನ್ನು ಮುಂದೆ ಬಿಟ್ಟೆ.