ಓಣಿಯಲ್ಲಿ ಕಲಿತ ಪಾಠ

ಅರವತ್ತು ತುಂಬಿದ ಮೇಲೆ ಇಂಗ್ಲೆಂಡಿನಲ್ಲಿ ಬೈಸಿಕಲ್ ಏರುವ ಯೋಗವು ಬರುವುದೆಂದು ನಾವು ಎಣಿಸಿರಲಿಲ್ಲ. ನಮ್ಮ ಮಗನು ನೆಲಸಿರುವುದು ಕವೆಂಟ್ರಿ ನಗರದಲ್ಲಿ. ಹಿಂದಿನ ಗಾಲಿಯನ್ನು ಸರಪಣಿಯು ತಿರುಗಿಸುವ ‘ರೋವರ್’ ಬೈಸಿಕಲ್ಲನ್ನು ಸ್ಟಾರ್ಲಿ ಎಂಬಾತನು 1885ರಲ್ಲಿ ನಿರ್ಮಿಸಿದುದು ಈ ಊರಿನಲ್ಲಿಯೇ.

ಮೇ ತಿಂಗಳ ಒಂದು ಮುಂಜಾನೆ ಕೆನಿಲ್‌ವರ್ತಿನ ಕೆಂಗಲ್ಲಿನ ಕೋಟೆಯನ್ನು ನೋಡಲು ಮಗನೂ ನಾವೂ ಹೊರಟೆವು. ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ಓಣಿಗೆ ತಿರುಗಿದೊಡನೆ ಗದ್ದಲವೆಲ್ಲ ಅಡಗಿತು. ಒಂದೇ ಮೋಟಾರು ಹಿಡಿಯುವಷ್ಟು ಅಗಲದ ದಾರಿ, ಇಕ್ಕೆಲಗಳಲ್ಲಿ ಬೆಳ್ಳಗೆ ಹೂತ ಹಾಥಾರ್ನ್ ಮುಳ್ಳುಬೇಲಿ, ಅದರಾಚೆ ಕುರಿಗಳು. ನಮ್ಮಲ್ಲಿಯಂತೆ ಇಲ್ಲಿಯೂ ಎಡಗಡೆಯ ಸಂಚಾರವಾದುದರಿಂದ ನಮಗೆ ಧೈರ್ಯವಿತ್ತು.

ತಿರುವೊಂದರಲ್ಲಿ ಎದುರಿಗೆ ಟ್ರ್ಯಾಕ್ಟರು ಬಂದಿತು. ನಾವು ಗಾಬರಿಯಿಂದ ಬೇಲಿಯ ಮೇಲೆ ಬಿದ್ದೆವು. ಮಗನು ಓಡಿಬಂದು, “ಅಪ್ಪಾ, ಮೊಣಕಾಲಿಗೆ ಪೆಟ್ಟಾಯಿತೆ?” ಎಂದನು. ಡೊಂಕಾದ ಹ್ಯಾಂಡಲಿನ ಕಡೆಗೆ ತಿರುಗಿಯೂ ನೋಡಲಿಲ್ಲ.

ಅವನು ಹತ್ತು ವರ್ಷದವನಾಗಿದ್ದಾಗ ನಮ್ಮ ಬೈಸಿಕಲ್ಲನ್ನು ಕದ್ದು ತುಳಿದು ಬಿದ್ದಿದ್ದನು. ಅಂದು ನಾವು ಮೊದಲು ನೋಡಿದುದು ಗಾಲಿಯನ್ನು. ಆಮೇಲೆ ಕೊಟ್ಟುದು ಏಟನ್ನು. ಮೊಣಕಾಲನ್ನು ತೊಳೆದವಳು ಅವನ ತಾಯಿ.

ಮಗನಿಗೆ ಸೋಲುವುದು ತಂದೆಗೆ ಭೂಷಣವೆಂದು ತರಗತಿಯಲ್ಲಿ ಎಷ್ಟೋ ಸಲ ಬೋಧಿಸಿದ್ದೆವು. ನಮಗೆ ಅರ್ಥವಾದುದು ಆ ಓಣಿಯಲ್ಲಿ. “ಅಂದು ನಿನ್ನನ್ನು ಹೊಡೆಯಬಾರದಾಗಿತ್ತು, ಮಗು” ಎಂದೆವು. ಅವನು ನಕ್ಕು, ಹ್ಯಾಂಡಲನ್ನು ನೆಟ್ಟಗೆ ಮಾಡಿಕೊಟ್ಟನು.